ಸಾರಮ್ಮನ ಸೇಡು

ಜನವರಿ 8, ಮಂಗಳವಾರ

ಇವತ್ತೂ ಹೇಳಲಿಲ್ಲ.

ಮೀನಿನ ಉಂಡೆ, ಬೆಣ್ಣೆ ಸುರಿದ ಆಲೂಗಡ್ಡೆ, ಕ್ಯಾರೆಟ್ ತುರಿ. ಈಜುಕೊಳದ ಪಕ್ಕ ದಿನವಿಡೀ ನಿಂತು, ಕಾಲು ಬಾತು ಬಂದಮೇಲೆ ಮಾಡಿದ ಅಡುಗೆ. ಹಾಲ್ವರ್ ಐದು ಗಂಟೆಗೆ ಮೇಜಿಗೆ ಕೂತ, ಗಬಗಬ ತಿಂದ, ತಟ್ಟೆ ತೊಟ್ಟಿಯಲ್ಲಿಟ್ಟ, ನೆಲಮಾಳಿಗೆಗೆ ಇಳಿದ. "ಊಟಕ್ಕೆ ಥ್ಯಾಂಕ್ಸ್" ಅನ್ನಲಿಲ್ಲ.

ಮದುವೆಯಾಗಿ ಮೂವತ್ತಾರು ವರ್ಷ. ನಾವು ಮಾತು ಬಿಟ್ಟ ದಿನಗಳಲ್ಲೂ, ಆಲೂಗಡ್ಡೆ ಸೀದುಹೋದ ದಿನಗಳಲ್ಲೂ, ಅವನ ಅಪ್ಪನನ್ನು ಮಣ್ಣು ಮಾಡಿ ಬಂದ ದಿನವೂ ಮೇಜಿನಿಂದ ಏಳುವಾಗ ಹೇಳುತ್ತಿದ್ದ. ನಾನು "ಮೈಗೆ ಹತ್ತಲಿ" ಅನ್ನುತ್ತಿದ್ದೆ. ನಮ್ಮಲ್ಲಿ ಮಕ್ಕಳು ಚಮಚ ಹಿಡಿಯುವುದನ್ನು ಕಲಿಯುವ ಹೊತ್ತಿಗೇ ಕಲಿಯುವ ಮಾತು ಅದು. ಹೇಳದೆ ಎದ್ದವರನ್ನು ನನ್ನಮ್ಮ ಕಿವಿ ಹಿಡಿದು ಮತ್ತೆ ಕೂರಿಸುತ್ತಿದ್ದಳು. ಹಾಲ್ವರನ ಕಿವಿ ನನ್ನ ಕೈಗೆ ಎಟುಕುತ್ತದೆ, ಆದರೆ ಅರವತ್ತೆರಡರ ಗಂಡಸಿನ ಕಿವಿ ಹಿಡಿಯುವುದು ಹೇಗೆ?

ಸೆಪ್ಟೆಂಬರಿನಲ್ಲಿ ಸೇತುವೆ ತೆರೆದರು. ಕಡಲು ದಾಟಿಸುತ್ತಿದ್ದ ಫೆರಿ ನಿಂತಿತು. ಅದರ ಡೆಕ್ಕಿನ ಮೇಲೆ ಕಾರು ಲಾರಿಗಳನ್ನು ಸಾಲು ಹಿಡಿಸಿ ನಿಲ್ಲಿಸುವುದೇ ಹಾಲ್ವರನ ಜೀವಮಾನದ ಕೆಲಸವಾಗಿತ್ತು. ಅಕ್ಟೋಬರ್ ಪೂರ್ತಿ ಕಿಟಕಿಯ ಬಳಿ ಕೂತು ಸೇತುವೆಯನ್ನು ನೋಡಿದ, ಇವತ್ತು ಬೀಳುತ್ತದೆ, ನಾಳೆ ಬೀಳುತ್ತದೆ ಎಂಬಂತೆ. ಅದು ಬೀಳಲಿಲ್ಲ. ನವೆಂಬರಿನಲ್ಲಿ ದೊಡ್ಡ ಕಂಪ್ಯೂಟರ್ ಬಂತು. ಈಗ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ನೆಲಮಾಳಿಗೆಯಲ್ಲಿ ಯಾರುಯಾರೊಂದಿಗೋ ಮಾತಾಡುತ್ತಾನೆ. ನಗುತ್ತಾನೆ ಕೂಡ. ನನಗೆ ಉರಿಯುವುದು ಆ ನಗುವಿಗೇ.

ಜನವರಿ 11, ಶುಕ್ರವಾರ

ಕೊಳದ ಟಿಕೆಟ್ ಕೌಂಟರಿನ ಉನ್ನಿಗೆ ಹೇಳಿಕೊಂಡೆ.

"ಬೇರೆ ಹೆಂಗಸಿರಬೇಕು ಕಣೆ," ಅಂದೆ.

"ಹೆಂಗಸಲ್ಲ, ಡ್ರ್ಯಾಗನ್ ಇರ್ಬೇಕು," ಅಂದಳು ಉನ್ನಿ, ಕೌಂಟರಿನಲ್ಲಿ ಮಾರುವ ವಾಫಲ್‌ನ ಕಾವಲಿಗೆ ಹಿಟ್ಟು ಹುಯ್ಯುತ್ತಾ. "ಆನ್‌ಲೈನ್ ಆಟ. ಸಾವಿರಾರು ಜನ ಒಟ್ಟಿಗೇ ಆಡ್ತಾರೆ. ಒಬ್ಬೊಬ್ರಿಗೂ ಒಂದೊಂದು ವೇಷ. ನಾನೂ ಎರಡು ವರ್ಷ ಅದ್ರಲ್ಲೇ ಬಿದ್ದಿದ್ದೆ. ಹಾಲ್ವರ್ ಏನಂತ ಹೆಸರಿಟ್ಕೊಂಡಿದಾನೆ?"

ನೆಲಮಾಳಿಗೆಯ ಬಾಗಿಲಿಗೆ ಕಿವಿಗೊಟ್ಟು ಕೇಳಿದ್ದು ನೆನಪಾಯಿತು. "ಕಬ್ಬಿಣಗಡ್ಡ ಅಂತ ಕರೀತಿದ್ರು. ಅವನಿಗೆ ಗಡ್ಡಾನೇ ಇಲ್ಲ."

"ಅದಕ್ಕೇ ಇಟ್ಕೊಂಡಿದಾನೆ. ನೀನೂ ಒಂದು ವೇಷ ಹಾಕ್ಕೊಂಡು ಒಳಗೆ ಹೋಗಿ ನೋಡು. ಪತ್ತೇದಾರಿ ಮಾಡು."

ನನ್ನ ವಯಸ್ಸಿಗೆ ತಕ್ಕ ಮಾತಾಡು ಅಂದೆ. ಆಮೇಲೆ ಆಟದ ಹೆಸರನ್ನು ಕೈಮೇಲೆ ಬರೆಸಿಕೊಂಡು ಬಂದೆ.

ಜನವರಿ 13, ಭಾನುವಾರ

ಹಾಲ್ವರ್ ಸೌದೆ ತರಲು ಹೋದಾಗ ಮಹಡಿಯ ಹೊಲಿಗೆ ಕೋಣೆಯ ಹಳೆಯ ಲ್ಯಾಪ್‌ಟಾಪಿಗೆ ಆಟ ಇಳಿಸಿಕೊಂಡೆ. ಇಳಿಯಲು ಬೆಳಗಿನಿಂದ ಮಧ್ಯಾಹ್ನದವರೆಗೆ ಹಿಡಿಯಿತು. ಮಗು ಹೆರುವುದು ಇದಕ್ಕಿಂತ ಬೇಗ ಮುಗಿದಿತ್ತು.

ಹೆಸರು ಕೇಳಿತು. ನನ್ನದೇ ಹೆಸರು, ಸೋಲ್ಫ್ರಿಡ್ ಅಂದೆ, ಯಾರೋ ಇಟ್ಟುಕೊಂಡಿದ್ದಾರಂತೆ. ಬೆಳ್ಳಿಚುಕ್ಕಿ, ಬಿರುಗಾಳಿ, ಹಿಮಕನ್ಯೆ, ಎಲ್ಲವೂ ಖರ್ಚಾಗಿದ್ದವು. ಒಲೆಯ ಮೇಲೆ ಮೀನುಸಾರು ಉಕ್ಕುವ ಸದ್ದು ಬಂತು. ಸಿಟ್ಟಿನಲ್ಲಿ "ಮೀನುಸಾರು" ಎಂದು ಒತ್ತಿ ಕೆಳಗೆ ಓಡಿದೆ. ಮರಳಿ ಬಂದರೆ ಅದನ್ನೇ ಒಪ್ಪಿಕೊಂಡುಬಿಟ್ಟಿತ್ತು! ಉದ್ದ ಕಿವಿಯ, ಬಳುಕುವ ಸೊಂಟದ, ಇಪ್ಪತ್ತರ ಹರೆಯದ ಮೀನುಸಾರು.

ಕಸುಬು ವೈದ್ಯಳದ್ದು. ಗುಂಪುಗಳಿಗೆ ಯಾವಾಗಲೂ ವೈದ್ಯರ ಬರ, ಬೇಗ ಒಳಗೆ ಸೇರಿಸಿಕೊಳ್ಳುತ್ತಾರೆ ಎಂದು ಉನ್ನಿ ಹೇಳಿದ್ದಳು.

ಹತ್ತು ಹೆಜ್ಜೆ ನಡೆದು ಕೆರೆಗೆ ಬಿದ್ದೆ. ಯಾವ ಗುಂಡಿ ಒತ್ತಬೇಕೆಂದು ತಿಳಿಯಲಿಲ್ಲ. ಮುಳುಗಿ ಸತ್ತೆ. ಇಪ್ಪತ್ತೆಂಟು ವರ್ಷದಿಂದ ಈಜುಕೊಳ ಕಾಯುವವಳು ನಾನು. ಈ ಸುದ್ದಿ ಉನ್ನಿಗೆ ಹೋಗಬಾರದು.

ಜನವರಿ 24, ಗುರುವಾರ

ಈ ಆಟ ಮಾಡಿದವನು ಸಿಕ್ಕರೆ ಆಳದ ಕೊಳಕ್ಕೆ ದಬ್ಬುತ್ತೇನೆ. ಹನ್ನೆರಡು ತೋಳದ ಹಲ್ಲು ತಂದುಕೊಡು ಎಂದು ಒಬ್ಬ ಮುದುಕ ಹೇಳಿದ. ಸಂಜೆಯೆಲ್ಲಾ ತೋಳ ಹೊಡೆದೆ. ಹೆಚ್ಚಿನವಕ್ಕೆ ಹಲ್ಲೇ ಇಲ್ಲವಂತೆ! ಹಲ್ಲಿಲ್ಲದ ತೋಳ ನನ್ನನ್ನು ಕಚ್ಚಿದ್ದು ಯಾವುದರಿಂದ? ಕೊನೆಗೆ ಹನ್ನೆರಡೂ ಆಯಿತು, ಮುದುಕನಿಗೆ ಕೊಟ್ಟೆ. ಅವನು ಒಂದು ಹರಕು ಕೈಗವಸು ಕೊಟ್ಟು, ಇನ್ನು ಕರಡಿಯ ಉಗುರು ತಾ ಅಂದ.

ಬೆಳಿಗ್ಗೆ ಕೊಳದಲ್ಲಿ ಮಕ್ಕಳಿಗೆ ಸೀಟಿ ಊದುವಾಗ ಕರಡಿಗಳು ಎಲ್ಲಿ ಸಿಗುತ್ತವೆಂದೇ ಯೋಚಿಸುತ್ತಿದ್ದೆ. ಪತ್ತೇದಾರಿಗೆ ಇಷ್ಟೆಲ್ಲ ಪೂರ್ವಸಿದ್ಧತೆ ಬೇಕಾಗುತ್ತದೆ.

ಹೊಲಿಗೆ ಕೋಣೆಯಲ್ಲಿ ಏನು ಮಾಡುತ್ತೀ ಎಂದು ಹಾಲ್ವರ್ ಕೇಳಿದ. ಆನ್‌ಲೈನಿನಲ್ಲಿ ಸ್ವೆಟರ್ ಹೆಣೆಯುವ ತರಗತಿ ಅಂದೆ. ಒಳ್ಳೆಯದು ಅಂದ.

ಫೆಬ್ರವರಿ 1, ಶುಕ್ರವಾರ

ಒಳಗೆ ಸೇರಿದೆ! ಹಾಲ್ವರನ ಗುಂಪಿನ ಹೆಸರು "ದಣಿದ ತೋಳಗಳು". ಒಡತಿ ಟೂವಾ, ಟ್ರಾಮ್ಸೊದಲ್ಲಿ ಹಲ್ಲಿನ ಡಾಕ್ಟರಂತೆ. ಮಾತಿನಲ್ಲಿ ಪರೀಕ್ಷೆ ಮಾಡಬೇಕು ಅಂದಳು. ಗಂಟಲು ಕೆಟ್ಟಿದೆ, ಕೇಳಿಸಿಕೊಳ್ಳುತ್ತೇನೆ, ಉತ್ತರ ಬರೆಯುತ್ತೇನೆ ಎಂದು ಬರೆದೆ. ಮೈಕಿನಲ್ಲಿ ಒಂದು ಅಕ್ಷರ ಉಸುರಿದರೂ ಹಾಲ್ವರನಿಗೆ ಗೊತ್ತಾಗುತ್ತದಲ್ಲ.

"ಮೀನುಸಾರು ಅಂತ ಉದ್ದ ಯಾರು ಕರೀತಾರೆ?" ಅಂದ ಬರ್ಗೆನ್ನಿನ ಸ್ಟಿಯಾನ್, ಕರೆಂಟ್ ಕೆಲಸದವನು, ಬಾಯಿ ಬಡಕ. "ಸಾರಮ್ಮ ಅಂತೀವಿ."

"ಸ್ವಾಗತ ಸಾರಮ್ಮ," ಎಂದಿತು ಒಂದು ದಪ್ಪ ದನಿ. ನನ್ನ ಗಂಡನ ದನಿ. ಅವನು ನಮ್ಮ ಮನೆಯಲ್ಲಿ ಯಾರಿಗೂ ಸ್ವಾಗತ ಹೇಳಿದ್ದನ್ನು ನಾನು ಕೇಳಿಲ್ಲ.

ಫೆಬ್ರವರಿ 5, ಮಂಗಳವಾರ

ಸಿಟ್ಟು ಇನ್ನೂ ಇಳಿದಿಲ್ಲ. ಆದರೂ ಬರೆಯುತ್ತೇನೆ.

ಮಂಗಳವಾರ ಮತ್ತು ಗುರುವಾರ ಏಳು ಗಂಟೆಗೆ ಹತ್ತು ಜನ ಸೇರಿ ಒಂದು ದೊಡ್ಡ ರಾಕ್ಷಸನ ಮೇಲೆ ಬೀಳುವುದು ಗುಂಪಿನ ಪದ್ಧತಿ. ಕಬ್ಬಿಣಗಡ್ಡ ಗುರಾಣಿ ಹಿಡಿದು ಮುಂದೆ ನಿಂತು ಪೆಟ್ಟನ್ನೆಲ್ಲ ತಾನೇ ತಿನ್ನುತ್ತಾನೆ. ಅವನ ಜೀವ ಉಳಿಸುವುದು ವೈದ್ಯಳ ಕೆಲಸ. ಯುದ್ಧಕ್ಕೆ ಮುಂಚೆ ಊಟ. ಉಂಡವರಿಗೆ ಬಲ ಹೆಚ್ಚು. ನಾನು ಆಟದಲ್ಲಿ ಅಡುಗೆಯನ್ನೂ ಕಲಿತಿದ್ದೆ. ಬೆಂಕಿ ಹೊತ್ತಿಸಿ ಹಂಡೆ ಇಟ್ಟು ಸಾರು ಮಾಡಿದೆ. ಹತ್ತು ಜನ ಸುತ್ತ ಕೂತು ಉಂಡರು.

ಆಗ ಕಬ್ಬಿಣಗಡ್ಡ ಎದ್ದು ನಿಂತು ತಲೆಬಾಗಿ ಅಂದ: "ಊಟಕ್ಕೆ ಥ್ಯಾಂಕ್ಸ್, ಸಾರಮ್ಮ!"

ಊಟಕ್ಕೆ ಥ್ಯಾಂಕ್ಸ್! ಎರಡೇ ಗಂಟೆ ಹಿಂದೆ ನಾನು ನಿಜವಾದ ಒಲೆಯ ಮೇಲೆ, ನಿಜವಾದ ಕುರಿಮಾಂಸ ಬೇಯಿಸಿ ಹಾಕಿದ್ದೆ. ಅದನ್ನು ಉಂಡು ತುಟಿ ಬಿಚ್ಚದೆ ಎದ್ದುಹೋದವನು, ಯಾರೋ ಉದ್ದ ಕಿವಿಯವಳ ಬಣ್ಣದ ನೀರಿಗೆ ತಲೆಬಾಗುತ್ತಾನೆ! ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ.

ಯುದ್ಧ ಶುರುವಾಯಿತು. ಪ್ರತಿಯೊಬ್ಬರ ಹೆಸರಿನ ಪಕ್ಕ ಹಸಿರು ಪಟ್ಟಿ ಇರುತ್ತದೆ, ಪೆಟ್ಟು ಬಿದ್ದಷ್ಟೂ ಕುಗ್ಗುತ್ತದೆ. ಕಬ್ಬಿಣಗಡ್ಡನ ಪಟ್ಟಿ ಕುಗ್ಗಿತು. ನನ್ನ ಬೆರಳು ಅವನನ್ನು ಗುಣಪಡಿಸುವ ಗುಂಡಿಯ ಮೇಲೇ ಇತ್ತು. ನಾನು ಕಾಫಿಯ ಬಟ್ಟಲು ಎತ್ತಿಕೊಂಡು ಒಂದು ಗುಟುಕು ಕುಡಿದೆ.

ಸತ್ತ.

"ಸಾರಮ್ಮ, ಏನಾಯ್ತು?" ಟೂವಾ ಕೇಳಿದಳು.

"ಕ್ಷಮಿಸಿ," ಎಂದು ಬರೆದೆ. "ಕೈ ಜಾರಿತು."

ಇಂಥ ನೆಮ್ಮದಿ ಎಷ್ಟೋ ತಿಂಗಳಿಂದ ಕಂಡಿರಲಿಲ್ಲ.

ಫೆಬ್ರವರಿ 7, ಗುರುವಾರ

ಸಾಸೇಜು, ಹಿಸುಕಿದ ಆಲೂಗಡ್ಡೆ. ಥ್ಯಾಂಕ್ಸ್ ಇಲ್ಲ. ಕಬ್ಬಿಣಗಡ್ಡ ಮೂರು ಸಲ ಸತ್ತ.

ಫೆಬ್ರವರಿ 12, ಮಂಗಳವಾರ

ಇಲ್ಲ. ಎರಡು ಸಲ. ಒಂದು ಸಲ ಬಂಡೆಯಿಂದ ತಾನೇ ಬಿದ್ದ, ಅದು ನನ್ನ ಲೆಕ್ಕಕ್ಕಿಲ್ಲ.

ಉಳಿದವರೆಲ್ಲ ನನ್ನ ವೈದ್ಯಕ್ಕೆ ಬೆರಗಾಗಿದ್ದಾರೆ. ಒಬ್ಬರನ್ನೂ ಸಾಯಗೊಡುವುದಿಲ್ಲ, ಗಡ್ಡದವನನ್ನು ಬಿಟ್ಟು. ಇದರಲ್ಲಿ ವಿದ್ಯೆ ಏನೂ ಇಲ್ಲ, ಕೊಳದ ಅಭ್ಯಾಸ ಅಷ್ಟೆ. ಸ್ಟಿಯಾನ್ "ಸತ್ತೆ, ಸತ್ತೆ, ಸಾರಮ್ಮ ಸತ್ತೆ" ಎಂದು ಕಿರುಚುತ್ತಿರುತ್ತಾನೆ. ಅವನ ಪಟ್ಟಿ ತುಂಬಿರುತ್ತದೆ. ನೀರಿನಲ್ಲಿ ಕೂಗುವವನಿಗೆ ಉಸಿರಿದೆ ಎಂದರ್ಥ. ಮುಳುಗುವವನು ಕೂಗುವುದಿಲ್ಲ, ಸುಮ್ಮನಾಗುತ್ತಾನೆ. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆಲ್ಲ ನಾನು ಮೊದಲು ಹೇಳಿಕೊಡುವುದು ಇದನ್ನೇ: ಗಲಾಟೆ ಮಾಡುವವರನ್ನು ಬಿಡಿ, ಸುಮ್ಮನಿರುವವರ ಮೇಲೆ ಕಣ್ಣಿಡಿ.

ಫೆಬ್ರವರಿ 14, ಗುರುವಾರ

ಕಸದ ಡಬ್ಬಿ ಹೊರಗಿಟ್ಟಿಲ್ಲವೆಂದು ಆಟದ ಮಧ್ಯೆ ನೆನಪಾಯಿತು. ಹೆಡ್‌ಫೋನ್ ತೆಗೆಯದೆ ಬಾಗಿಲಿನತ್ತ ತಿರುಗಿ ಕೂಗಿದೆ: "ಹಾಲ್ವರ್! ಕಸ ಇಟ್ಯಾ?"

ಆ ಕೂಗು ಎರಡು ಅಂತಸ್ತು ಇಳಿದು, ಹಾಲ್ವರನ ಮೈಕಿಗೆ ಹೊಕ್ಕು, ಮರುಕ್ಷಣ ನನ್ನ ಕಿವಿಗೇ ಬಂದು ಬಡಿಯಿತು. ನನ್ನ ದನಿ ಹೀಗಿದೆಯೇ? ಮಂಜು ಕವಿದಾಗ ಫೆರಿಯ ಸೈರನ್ ಹೀಗೇ ಕೇಳುತ್ತಿತ್ತು.

"ಅಡ್ಮಿರಲ್ ಅಪ್ಪಣೆಯಾಯ್ತು!" ಸ್ಟಿಯಾನ್ ಅಂದ. ಎಲ್ಲರೂ ಗೊಳ್ಳೆಂದರು. ನನ್ನನ್ನು ಅಡ್ಮಿರಲ್ ಅನ್ನುತ್ತಾರಂತೆ. ಎಷ್ಟು ದಿನದಿಂದಲೋ!

"ನಗಬೇಡ್ರೋ," ಅಂದ ಹಾಲ್ವರ್. "ಅವಳ ಕೈ ಮೀನುಸಾರು ಒಂದ್ಸಲ ಉಂಡಿದ್ರೆ ನಿಮ್ಮಲ್ಲಿ ಒಬ್ರೂ ನಗ್ತಿರ್ಲಿಲ್ಲ."

ನಾನು ತಡೆಯಲಾಗದೆ ಬರೆದೆ: "ಆ ಮಾತು ಅವಳಿಗೆ ಯಾವತ್ತಾದ್ರೂ ಹೇಳಿದ್ಯಾ?"

ಟೂವಾ ಕೆಮ್ಮಿದಳು.

"ಮೇಲೆ ಹೋದ್ರೆ ಬಾಯಿಗೆ ಮಾತೇ ಬರಲ್ಲ, ಸಾರಮ್ಮ," ಅಂದ ಹಾಲ್ವರ್. "ಅವಳು ದಿನಾ ಕೆಲಸಕ್ಕೆ ಹೋಗಿ ಬರ್ತಾಳೆ. ನಾನು ದಾರಿಗೆ ಅಡ್ಡ ಇಟ್ಟಿರೋ ಕುರ್ಚಿ ಥರ ಇರ್ತೀನಿ. ದುಡೀದೆ ಉಣ್ಣೋನು ಏನಂತ ಥ್ಯಾಂಕ್ಸ್ ಹೇಳ್ಬೇಕು? ನಾಚಿಕೆ ಆಗುತ್ತೆ. ಇಲ್ಲಾದ್ರೆ ಏಳು ಗಂಟೆಗೆ ನಾನಿಲ್ದೆ ಫೆರಿ ಹೊರಡಲ್ಲ."

ಇವತ್ತು ಅವನನ್ನು ಸಾಯಿಸಲಿಲ್ಲ. ಊಟಕ್ಕೆ ಥ್ಯಾಂಕ್ಸ್ ಹೇಳಿರಲಿಲ್ಲ, ಆದರೂ ಸಾಯಿಸಲಿಲ್ಲ. ಅಳು ಬಂತು, ಯಾಕೆಂದು ಬರೆಯಲು ಹೋಗುವುದಿಲ್ಲ. ಕಸ ನಾನೇ ಹೊರಗಿಟ್ಟೆ.

ಫೆಬ್ರವರಿ 19, ಮಂಗಳವಾರ

ಮರುಕ ಬೇರೆ, ಶಿಸ್ತು ಬೇರೆ. ಇವತ್ತೂ ಹೇಳಲಿಲ್ಲ. ಒಂದೇ ಒಂದು ಸಲ ಸಾಯಿಸಿದೆ, ಮೆತ್ತಗೆ.

ಫೆಬ್ರವರಿ 26, ಮಂಗಳವಾರ

ಹೇಳಿದ!

ಒಣ ಕಾಡ್ ಮೀನು ಮಾಡಿದ್ದೆ. ತಿಂದ, ಎದ್ದ, ಬಾಗಿಲವರೆಗೆ ಹೋದ, ತಿರುಗಿ ನಿಂತ. ಕೆನ್ನೆ ಕೆಂಪಾಗಿತ್ತು, ಮದುವೆಗೆ ಮುಂಚೆ ನಮ್ಮಪ್ಪನೆದುರು ನಿಂತಾಗಿನ ಹಾಗೆ. "ಊಟಕ್ಕೆ ಥ್ಯಾಂಕ್ಸ್," ಅಂದ. ನಾನು ಮುಖ ತಿರುಗಿಸಿಕೊಂಡು, "ಮೈಗೆ ಹತ್ತಲಿ," ಅಂದೆ.

ಏಳು ಗಂಟೆಗೆ ಅವನನ್ನು ಹೂವಿನಂತೆ ಕಾಪಾಡಿದೆ. ಬೆಟ್ಟವೇ ತಲೆಯ ಮೇಲೆ ಬಿದ್ದರೂ ಪಟ್ಟಿ ಕುಗ್ಗಲು ಬಿಡಲಿಲ್ಲ.

ಮಾರ್ಚ್ 5, ಮಂಗಳವಾರ

ಮತ್ತೆ ಹೇಳಿದ, ದಿನವೂ ಹೇಳುತ್ತಿದ್ದಾನೆ. ಸಂಜೆ ಗುಂಪಿನಲ್ಲಿ ದೊಡ್ಡ ಸಂಶೋಧನೆ ಮಂಡಿಸಿದ.

"ನೋಡಿ, ನಾನು ಲೆಕ್ಕ ಹಾಕಿದೀನಿ. ಅಡ್ಮಿರಲ್‌ಗೆ ಊಟಕ್ಕೆ ಥ್ಯಾಂಕ್ಸ್ ಹೇಳಿದ ದಿನ ನಾನು ಸಾಯಲ್ಲ. ಹೇಳ್ದೇ ಇದ್ರೆ ಗ್ಯಾರಂಟಿ ಹೆಣ."

"ಕಾಕತಾಳೀಯ," ಅಂದಳು ಟೂವಾ.

"ಇರ್ಬಹುದು. ಜೀವ ನಂದು. ನಾನು ಹೇಳ್ತಾ ಇರ್ತೀನಿ."

ಆಟ ಆಡುವವರಷ್ಟು ಮೂಢನಂಬಿಕೆಯವರು ಮೀನುಗಾರರಲ್ಲೂ ಇಲ್ಲ. ಸ್ಟಿಯಾನ್ ಕೂಡಲೇ ಎದ್ದುಹೋಗಿ ಅಮ್ಮನಿಗೆ ಫೋನ್ ಮಾಡಿ, ಚಿಕ್ಕಂದಿನಿಂದ ಹಾಕಿದ ಊಟಕ್ಕೆಲ್ಲ ಥ್ಯಾಂಕ್ಸ್ ಹೇಳಿದನಂತೆ. ಮಗನಿಗೆ ಏನೋ ದೊಡ್ಡ ಕಾಯಿಲೆ ಬಂದಿದೆಯೆಂದು ಅವಳು ಅಳಲು ಶುರುಮಾಡಿದಳಂತೆ. ಟೂವಾ ಕೂಡ ಮಧ್ಯಾಹ್ನದ ಕ್ಯಾಂಟೀನಿನವಳಿಗೆ ಹೇಳುವುದಾಗಿ ಒಪ್ಪಿದಳು, ಬರೀ ಪ್ರಯೋಗಕ್ಕೆ.

ನಾಯಿಗೆ ರೊಟ್ಟಿ ತೋರಿಸಿ ಕೂರಲು ಕಲಿಸುವುದಕ್ಕಿಂತ ಇದು ಸುಲಭವಾಯಿತು. ಪತ್ತೇದಾರಿ ಮುಗಿಯಿತು, ಕೆಲಸ ಗೆದ್ದಿತು. ಇನ್ನು ಆಟ ಬಿಡಬಹುದು.

ಈ ತಿಂಗಳು "ಕಡಲಜ್ಜಿ" ಎಂಬ ಎಂಟು ತೋಳಿನ ರಾಕ್ಷಸಿ ಇದ್ದಾಳೆ. ಅವಳನ್ನು ಮುಗಿಸಿ ಬಿಡುತ್ತೇನೆ. ಮಧ್ಯದಲ್ಲಿ ಕೈಬಿಟ್ಟರೆ ಗುಂಪಿಗೆ ಮೋಸವಾಗುತ್ತದೆ.

ಮಾರ್ಚ್ 14, ಗುರುವಾರ

ಬಿರುಗಾಳಿಗೆ ಇಂಟರ್ನೆಟ್ ಹೋಯಿತು. ಬಂದಾಗ ಸ್ಟಿಯಾನ್ ಅನ್ನುತ್ತಿದ್ದ, "ಗಡ್ಡಣ್ಣ ಮಾಯ ಆದಾಗ್ಲೆಲ್ಲ ಸಾರಮ್ಮನೂ ಮಾಯ ಆಗ್ತಾಳಲ್ಲ, ಏನು ಕಥೆ?"

"ಕರಾವಳಿ ಪೂರ್ತಿ ಗಾಳಿ," ಎಂದು ಬರೆದೆ.

"ಹೌದ್ಹೌದು, ಕರಾವಳಿ ಪೂರ್ತಿ," ಅಂದ ಹಾಲ್ವರ್.

ಗುರುವಾರದ ಚರ್ಚ್ ಹಾಡಿನ ಗುಂಪಿಗೆ ಹೋಗುವುದನ್ನು ನಿಲ್ಲಿಸಿದ್ದೇನೆ. ಗಂಟಲಿಗೆ ವಿಶ್ರಾಂತಿ ಬೇಕು.

ಮಾರ್ಚ್ 19, ಮಂಗಳವಾರ

ಕಡಲಜ್ಜಿ ಹಾಳಾಗಿಹೋಗಲಿ! ಒಂಬತ್ತು ಸಲ ಬಿದ್ದೆವು. ಒಂದು ಸಲ ಯಾರದೋ ಬೆಕ್ಕು ಕೀಲಿಮಣೆಯ ಮೇಲೆ ನಡೆಯಿತು, ಒಂದು ಸಲ ಯಾರದೋ ಮನೆಗೆ ಪಿಜ್ಜಾ ಬಂತು, ಉಳಿದದ್ದೆಲ್ಲ ಸ್ಟಿಯಾನ್. ಹತ್ತು ಜನ ಸೇರುವುದಕ್ಕೇ ಅರ್ಧ ಗಂಟೆ, ಸಾಯುವುದಕ್ಕೆ ಎರಡು ನಿಮಿಷ. ದುಡ್ಡು ಕೊಟ್ಟು ಇಷ್ಟು ಅವಮಾನ ಪಡುವವರು ಬೇರೆ ಯಾರಾದರೂ ಇದ್ದಾರೆಯೇ? ಗುರುವಾರ ಯಾವಾಗ ಬರುತ್ತದೋ.

ಹಾಲ್ವರ್ ಈಗ ಎಲ್ಲರನ್ನೂ ಫೆರಿಯ ಕಾರುಗಳಂತೆ ಸಾಲು ಹಿಡಿಸುತ್ತಿದ್ದಾನೆ. "ಸ್ಟಿಯಾನ್, ನೀನು ಲಾರಿ, ಮಧ್ಯದ ಸಾಲು. ಟೂವಾ, ಎಡಕ್ಕೆ, ಇನ್ನೂ ಸ್ವಲ್ಪ, ಹಾಂ, ಹ್ಯಾಂಡ್‌ಬ್ರೇಕ್ ಹಾಕು." ಆ ದನಿ ಕೇಳಿದರೆ ಯಾರಾದರೂ ಬ್ರೇಕ್ ಹಾಕಿಯೇ ಹಾಕುತ್ತಾರೆ. ಅವನು ಕೆಲಸದಲ್ಲಿ ಹೇಗಿದ್ದ ಎಂದು ನಾನು ಇಷ್ಟು ವರ್ಷ ನೋಡಿಯೇ ಇರಲಿಲ್ಲ. ಚೆನ್ನಾಗಿದ್ದನಲ್ಲ.

ಊಟಕ್ಕೆ ಫ್ರೀಜರಿನ ಪಿಜ್ಜಾ ಬಿಸಿಮಾಡಿದ್ದೆ. ಅದಕ್ಕೂ ಥ್ಯಾಂಕ್ಸ್ ಹೇಳಿದ.

ಮಾರ್ಚ್ 28, ಗುರುವಾರ

ಹಾಲ್ವರನಿಗೆ ಹೊಸ ಹುಚ್ಚು, ಅಡುಗೆ. ನಾನು ಕೊಳದಿಂದ ಬರುವ ಹೊತ್ತಿಗೆ ಆಲೂಗಡ್ಡೆ ಬೆಂದಿರುತ್ತದೆ. ಪಿಜ್ಜಾ ಸಾಕಾಯಿತಂತೆ. ಒಳ್ಳೆಯದೇ ಆಯಿತು, ಗಿಡಮೂಲಿಕೆ ಹುಡುಕಲು ನನಗೆ ಒಂದು ಗಂಟೆ ಹೆಚ್ಚು ಸಿಗುತ್ತದೆ.

"ಸ್ವೆಟರ್ ಎಷ್ಟಾಯ್ತು?" ಎಂದು ಕೇಳಿದ.

"ತೋಳು ನಡೀತಿದೆ," ಅಂದೆ.

"ಎಷ್ಟು ತೋಳು? ಎಂಟಾ?"

ಹಾಸ್ಯ ಮಾಡಲು ಹೋಗುತ್ತಾನೆ, ಪಾಪ, ಬರುವುದಿಲ್ಲ.

ಏಪ್ರಿಲ್ 10, ಬುಧವಾರ

ಈಸ್ಟರ್ ಹತ್ತಿರವಾಯಿತು. ಪ್ರತಿ ವರ್ಷ ಬೆಟ್ಟದ ಮೇಲಿನ ಮರದ ಗುಡಿಸಲಿಗೆ ಹೋಗುತ್ತೇವೆ. ಸ್ಕೀ, ಕಿತ್ತಳೆ ಹಣ್ಣು, ಮೇಣದ ಬತ್ತಿ, ಹೊರಗಿನ ಕಕ್ಕಸು. ಅಲ್ಲಿ ಕರೆಂಟಿಲ್ಲ, ಇಂಟರ್ನೆಟ್ ಅಂತೂ ಇಲ್ಲವೇ ಇಲ್ಲ. ಮೂವತ್ತು ವರ್ಷದಿಂದ ಅದೇ ಅದರ ಸೊಗಸು ಎಂದು ಊರಿಗೆಲ್ಲ ಹೇಳಿಕೊಂಡು ಬಂದವಳು ನಾನೇ.

ಊಟದ ಮೇಜಿನಲ್ಲಿ ಇಬ್ಬರೂ ಮಾತು ಜಗಿಯುತ್ತಾ ಕೂತೆವು.

"ಕೊಳದ ನೀರು ಬದಲಾಯಿಸ್ತಾರೆ, ನಾನಿರ್ಬೇಕು," ಅಂದೆ. ಸುಳ್ಳು.

"ನಂಗೂ ಬೆನ್ನು ಹಿಡ್ಕೊಂಡಿದೆ," ಅಂದ. ನಿನ್ನೆ ತಾನೇ ಸೌದೆ ಒಡೆದಿದ್ದ.

"ಹಾಗಾದ್ರೆ ಈ ಸಲ ಬೇಡ."

"ಬೇಡ."

ಎಷ್ಟು ಬೇಗ ಒಪ್ಪಿದ! ಆ ಆಟದ ಗೀಳು ಅವನನ್ನು ಎಲ್ಲಿಗೆ ತಂದಿಟ್ಟಿದೆ ನೋಡಿ. ಗುಡಿಸಲನ್ನೇ ಬಿಟ್ಟುಕೊಟ್ಟ. ಇದರ ಬಗ್ಗೆ ಒಂದು ದಿನ ಗಂಭೀರವಾಗಿ ಮಾತಾಡಬೇಕು.

ಏಪ್ರಿಲ್ 18, ಗುರುವಾರ

ದೇಶಕ್ಕೆ ದೇಶವೇ ಬೆಟ್ಟದ ಮೇಲೆ ಸ್ಕೀ ಮಾಡುತ್ತಿದೆ. ದಣಿದ ತೋಳಗಳು ಹತ್ತಕ್ಕೆ ಹತ್ತೂ ಹಾಜರು. ಯಾರೂ ಯಾರನ್ನೂ ಯಾಕೆ ಹೋಗಲಿಲ್ಲ ಎಂದು ಕೇಳಲಿಲ್ಲ.

ಕಡಲಜ್ಜಿಗೆ ಇನ್ನೆರಡು ಏಟು ಬಾಕಿ ಇತ್ತು. ಎರಡೇ! ಸ್ಟಿಯಾನ್ ಸೀನಿದ.

ಏಪ್ರಿಲ್ 23, ಮಂಗಳವಾರ

ಇವತ್ತು ಹೊತ್ತಿಲ್ಲ, ಎರಡೇ ಸಾಲು. ಟೂವಾ ಐದೂವರೆಗೇ ಬರಹೇಳಿದ್ದಳು. ಹಾಲ್ವರ್ ಮೀನುಸಾರು ಮಾಡಿದ್ದ, ನನ್ನದರ ಹಾಗೇ ಮಾಡಲು ಹೋಗಿ ಬೆಳಗಿನಿಂದ ಬಂದರಿನಲ್ಲಿ ಮೀನು ಆರಿಸಿದನಂತೆ, ಅದರ ಕಥೆ ಹೇಳಲು ಶುರುಮಾಡಿದ. ನಿಂತುಕೊಂಡೇ ಉಂಡು ಮೇಲೆ ಓಡಿದೆ, ತರಗತಿಗೆ ತಡವಾಯಿತು ಅಂದೆ. ಇವತ್ತೂ ಅಜ್ಜಿ ಸಾಯಲಿಲ್ಲ.

ಏಪ್ರಿಲ್ 25, ಗುರುವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಸಂಜೆ ಹಾಲ್ವರ್ ಸಾಲ್ಮನ್ ಹುರಿದಿದ್ದ. ತಟ್ಟೆಯನ್ನು ಹೊಲಿಗೆ ಕೋಣೆಗೇ ತಂದುಕೊಡು ಎಂದು ಮೇಲಿಂದ ಕೂಗಿದೆ. ಬಾಗಿಲ ಹೊರಗಿಟ್ಟು ಹೋದ. ಉಂಡು ಖಾಲಿ ತಟ್ಟೆಯನ್ನು ಬಾಗಿಲ ಹೊರಗಿಟ್ಟೆ.

ಏಳು ಗಂಟೆಗೆ ಕಡಲಜ್ಜಿಯ ಮೇಲೆ ಬಿದ್ದೆವು. ಇಂಥ ಯುದ್ಧ ಇದುವರೆಗೆ ಆಗಿರಲಿಲ್ಲ. ಸಾಲು ಸಾಲಾಗಿ ನಿಂತಿದ್ದೇವೆ, ಸ್ಟಿಯಾನ್ ಕೂಡ ಲಾರಿಯಂತೆ ಅಲ್ಲಾಡದೆ ನಿಂತಿದ್ದಾನೆ. ಕಬ್ಬಿಣಗಡ್ಡ ಅವಳ ಎಂಟೂ ತೋಳುಗಳನ್ನು ಗುರಾಣಿಯಿಂದ ತಡೆಯುತ್ತಿದ್ದಾನೆ, ಅವನ ಹಿಂದೆ ನಾನು, ಒಬ್ಬರ ಪಟ್ಟಿಯೂ ಅರ್ಧಕ್ಕಿಂತ ಇಳಿಯದ ಹಾಗೆ ನೋಡಿಕೊಳ್ಳುತ್ತಿದ್ದೇನೆ. ಅಜ್ಜಿಗೆ ಇನ್ನು ಹತ್ತು ಏಟು. ಎಂಟು. ಐದು.

ಆಗ ಕಬ್ಬಿಣಗಡ್ಡ ಗುರಾಣಿ ಇಳಿಸಿ, ಒಂದು ಹೆಜ್ಜೆ ಎಡಕ್ಕೆ ಸರಿದು ನಿಂತ. ಯಾರಿಗೋ ದಾರಿ ಬಿಡುವವನಂತೆ.

ಕಡಲಜ್ಜಿ ನನ್ನನ್ನು ಎತ್ತಿ ಬಂಡೆಗೆ ಅಪ್ಪಳಿಸಿದಳು. ಉಳಿದವರಿಗಿಂತ ಮುಂಚೆ ಸಾರಮ್ಮ ಹೆಣವಾಗಿ ಬಿದ್ದದ್ದು ಇದೇ ಮೊದಲ ಸಲ. ವೈದ್ಯಳಿಲ್ಲದೆ ಉಳಿದವರೂ ಒಬ್ಬೊಬ್ಬರಾಗಿ ಉರುಳಿದರು.

"ಗಡ್ಡಣ್ಣ!" ಸ್ಟಿಯಾನ್ ಅರಚಿದ. "ತಲೆ ಕೆಟ್ಟಿದ್ಯಾ? ಐದೇ ಏಟಿತ್ತು!"

ನಾನು ಸಿಟ್ಟಿನಲ್ಲಿ ಗುಂಡಿಗಳನ್ನು ಕುಟ್ಟಿದೆ: "ಬೇಕಂತಲೇ ಬಿಟ್ಟೆ! ನೋಡಿದೆ ನಾನು! ಯಾಕೆ?"

ಹಾಲ್ವರನ ದನಿ ತಣ್ಣಗಿತ್ತು. "ಕ್ಷಮಿಸು ಸಾರಮ್ಮ. ಕೈ ಜಾರಿತು."

ಆಮೇಲೆ ಅಂದ, "ಮಂಗಳವಾರ ಒಬ್ರು ಮೀನುಸಾರು ಉಂಡ್ರು. ಇವತ್ತು ಸಾಲ್ಮನ್ ಉಂಡ್ರು. ಊಟಕ್ಕೆ ಥ್ಯಾಂಕ್ಸ್ ಹೇಳ್ಲಿಲ್ಲ. ಹಾಗೆ ಎದ್ದುಹೋದ್ರೆ ಏನಾಗುತ್ತೆ ಅಂತ ನಮ್ಮನೇಲಿ ಒಂದು ನಿಯಮ ಇದೆ."

ಬೇರೆಯವರಿಗೆ ಏನೂ ಅರ್ಥವಾಗಲಿಲ್ಲ. ನನಗೆ ಕಿವಿಯವರೆಗೆ ಬಿಸಿಯೇರಿತು. ಬಾಗಿಲ ಹೊರಗಿಟ್ಟ ಖಾಲಿ ತಟ್ಟೆ ನೆನಪಾಯಿತು. ಬಂದರಿನ ಮೀನಿನ ಕಥೆ ನೆನಪಾಯಿತು, ಅದನ್ನು ನಾನು ಪೂರ್ತಿ ಕೇಳಿಯೇ ಇರಲಿಲ್ಲ. ಮಾರ್ಚ್ ಕೊನೆಯಿಂದ ಇವತ್ತಿನವರೆಗೆ ಅವನು ಬೇಯಿಸಿ ಹಾಕಿದ್ದಾನೆ. ಈ ದಿನಚರಿ ತಿರುವಿ ನೋಡಿದೆ, ನಾನು ಹೇಳಿದ್ದು ಎಲ್ಲೂ ಇಲ್ಲ. ನನ್ನಮ್ಮ ಇದ್ದಿದ್ದರೆ ಯಾರ ಕಿವಿ ಹಿಡಿಯುತ್ತಿದ್ದಳೋ ಗೊತ್ತಿದೆ.

ಬರೆಯಲು ಕೈ ಹೋಯಿತು. ಇದು ಬರೆದು ಹೇಳುವ ಮಾತಲ್ಲ. ಜನವರಿಯಿಂದ ಮುಟ್ಟದ ಮೈಕಿನ ಗುಂಡಿ ಒತ್ತಿದೆ.

"ಊಟಕ್ಕೆ ಥ್ಯಾಂಕ್ಸ್, ಹಾಲ್ವರ್."

ಸ್ಟಿಯಾನ್ ಪಿಸುಗುಟ್ಟಿದ: "ಅಯ್ಯಯ್ಯೋ. ಅಡ್ಮಿರಲ್ಲು!"

"ಮೈಗೆ ಹತ್ತಲಿ," ಅಂದ ಹಾಲ್ವರ್. ಆ ಮಾತು ಕಿವಿಯ ಹೆಡ್‌ಫೋನಿನಲ್ಲೂ ಕೇಳಿತು, ನೆಲದ ಹಲಗೆಯ ಕೆಳಗಿಂದಲೂ ಕೇಳಿತು.

"ಯಾವತ್ತಿಂದ ಗೊತ್ತು ನಿಂಗೆ?"

"ಕಸ ಇಟ್ಯಾ ಅಂದ ದಿನದಿಂದ. ಅವಳಿಗೆ ಹೇಳಿದ್ಯಾ ಅಂತ ನನ್ನನ್ನ ಕೇಳೋ ಧೈರ್ಯ ಈ ದೇಶದಲ್ಲಿ ಒಬ್ಬಳಿಗೇ ಇರೋದು."

"ಹಾಗಾದ್ರೆ ಆ ಥ್ಯಾಂಕ್ಸೆಲ್ಲ ಬರೀ ಜೀವ ಉಳಿಸ್ಕೊಳ್ಳೋಕಾ?"

"ಮೊದಲ ವಾರ ಅದಕ್ಕೇ. ಆಮೇಲೆ ಇಲ್ಲ. ಆಮೇಲೆ ಅದೇ ಬಾಯಿಗೆ ಬಂತು ಸೋಲ್ಫ್ರಿಡ್. ಮುಂಚಿನ ಹಾಗೆ."

"ಅಂದ್ರೆ," ಟೂವಾಳ ದನಿ ನಿಧಾನವಾಗಿ ಏರಿತು, "ಫೆಬ್ರವರಿ ಪೂರ್ತಿ ಗಡ್ಡಣ್ಣ ಸತ್ತಿದ್ದು…"

"ಕೈ ಜಾರಿದ್ದು," ಅಂದೆವು ಇಬ್ಬರೂ ಒಟ್ಟಿಗೆ.

"ಹಾಗಾದ್ರೆ ನಾನು ಅಮ್ಮನ್ನ ಅಳಿಸಿದ್ದು ಸುಮ್ನೇನಾ?" ಅಂದ ಸ್ಟಿಯಾನ್.

ಅವರ ನಗು ನಿಲ್ಲುವವರೆಗೆ ಕಾಯಬೇಕಾಯಿತು. ಆಮೇಲೆ ಹಾಲ್ವರ್ ಎಲ್ಲರನ್ನೂ ಮತ್ತೆ ಸಾಲು ಹಿಡಿಸಿದ, ನಾನು ಹಂಡೆ ಇಟ್ಟೆ, ಎಲ್ಲರೂ ಉಂಡು ಒಕ್ಕೊರಲಿನಲ್ಲಿ ಥ್ಯಾಂಕ್ಸ್ ಹೇಳಿ ಎದ್ದರು. ಕಡಲಜ್ಜಿ ಮೊದಲ ಏಟಿಗೇ ಹೆದರಿದವಳಂತೆ ಕಂಡಳು. ಸತ್ತಳು. ಅವಳ ಹತ್ತಿರ ಸಿಕ್ಕಿದ ಮುತ್ತಿನ ನಿಲುವಂಗಿ ದಾಳ ಉರುಳಿಸಿದಾಗ ಸ್ಟಿಯಾನನ ಪಾಲಾಯಿತು, ಅವನಿಗೆ ಅದು ಮೈಗೂ ಆಗುವುದಿಲ್ಲ.

ನಾಳೆ ಲ್ಯಾಪ್‌ಟಾಪನ್ನು ನೆಲಮಾಳಿಗೆಗೆ ಇಳಿಸುವುದೆಂದು ತೀರ್ಮಾನವಾಗಿದೆ. ಎರಡು ಅಂತಸ್ತಿನಿಂದ ಕೂಗುವುದು ಗಂಟಲಿಗೆ ಒಳ್ಳೆಯದಲ್ಲ. ಮಂಗಳವಾರ ಅವನ ಅಡುಗೆ, ಗುರುವಾರ ನನ್ನದು.

ಮೊನ್ನೆಯ ಮೀನುಸಾರಿಗೆ ಉಪ್ಪು ಸ್ವಲ್ಪ ಕಡಿಮೆಯಿತ್ತು. ಅದನ್ನು ಅವನಿಗೆ ಹೇಳುವುದಿಲ್ಲ. ಗುರಾಣಿ ಅವನ ಕೈಯಲ್ಲಿದೆ.